ಕರೆಂಟ್ ಹೋದರೆ ಹೋಗಲಿ, ಲೆಕ್ಕ ಹೋಗಬಾರದು

ಈ ವಾರ ಬೆಳೆ, ಗೊಬ್ಬರ, ರೋಗದ ವಿಚಾರ ಬಿಟ್ಟು ಬೇರೆ ಒಂದು ವಿಷಯ ಬರೆಯುತ್ತಿದ್ದೇನೆ. ಇದಕ್ಕೂ ಕೃಷಿಗೂ ಏನು ಸಂಬಂಧ ಅಂತ ಕೇಳಬೇಡಿ. ಈಗ ನಮ್ಮ ಕಡೆ ಚಾಕಿ ಸಾಕಾಣಿಕೆ ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಡೈರಿಯಲ್ಲಿ ಹಾಲು ಅಳೆಯೋ ಜಾಗದಲ್ಲಿ ಇದೆ, ಮಾವಿನ ವ್ಯಾಪಾರ ಮಾಡೋರ ಹತ್ತಿರ ಇದೆ, ಪಹಣಿ ತೆಗೆಯೋಕೆ, ಮಕ್ಕಳ ಓದಿಗೆ ಅಂತ ಎಷ್ಟೋ ರೈತರ ಮನೆಯಲ್ಲೂ ಒಂದು ಹಳೇ ಕಂಪ್ಯೂಟರ್ ಕೂತಿದೆ. ಆದರೆ ಅದಕ್ಕೆ ಬರೋ ಕರೆಂಟು ಮಾತ್ರ ಅದೇ ನಮ್ಮ ಹಳ್ಳಿ ಕರೆಂಟು.

ನನ್ನದು ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಕೆಂಗಲ್ ಹತ್ತಿರ ಒಂದು ಸಣ್ಣ ಚಾಕಿ ಕೇಂದ್ರ. ಮೊಟ್ಟೆ ತಂದು, ಒಡೆಸಿ, ಎರಡನೇ ಜ್ವರದವರೆಗೆ ಹುಳು ಸಾಕಿ ರೈತರಿಗೆ ಕೊಡುವ ಕೆಲಸ. ಈ ವ್ಯವಹಾರ ಗೊತ್ತಿರೋರಿಗೆ ಗೊತ್ತು, ಇದರಲ್ಲಿ ಕೈಗೆ ಕೈ ದುಡ್ಡು ಕಮ್ಮಿ. ಹುಳು ಈವತ್ತು ಕೊಡ್ತೀವಿ, ಅವರು ಇಪ್ಪತ್ತು ದಿನ ಮೇಯಿಸಿ, ಗೂಡು ಕಟ್ಟಿಸಿ, ರಾಮನಗರ ಮಾರುಕಟ್ಟೆಗೆ ಹಾಕಿ, ಹಣ ಬ್ಯಾಂಕಿಗೆ ಬಂದ ಮೇಲೆ ನಮಗೆ ಕೊಡ್ತಾರೆ. ಕೆಲವರು ಅರ್ಧ ಕೊಟ್ಟು ಉಳಿದಿದ್ದು ಮುಂದಿನ ಬೆಳೆಗೆ ಅಂತಾರೆ. ಹಾಗಾಗಿ ಯಾರಿಗೆ ಎಷ್ಟು ಮೊಟ್ಟೆ, ಯಾವ ಲಾಟು, ಎಷ್ಟು ಬಂತು, ಎಷ್ಟು ಬಾಕಿ ಅನ್ನೋ ಲೆಕ್ಕವೇ ನಮ್ಮ ಬಂಡವಾಳ.

ಮೊದಲು ಇದೆಲ್ಲ ಉದ್ದನೆ ಪುಸ್ತಕದಲ್ಲಿ ಬರೀತಿದ್ದೆ. ಮಗ ಪಿಯುಸಿ ಓದುವಾಗ ಬೆಂಗಳೂರಿನ ಎಸ್‌ಪಿ ರೋಡಿಂದ 11,000 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಎಕ್ಸೆಲ್‌ನಲ್ಲಿ ಎಲ್ಲ ಕೂರಿಸಿಕೊಟ್ಟ. ಬಹಳ ಚೆನ್ನಾಗಿತ್ತು. ಹೆಸರು ಒತ್ತಿದರೆ ಬಾಕಿ ಬರುತ್ತೆ. ಪುಸ್ತಕ ಬರೆಯೋದು ನಿಲ್ಲಿಸಿಬಿಟ್ಟೆ. ಅದೇ ತಪ್ಪು.

ಮೂರು ವರ್ಷದ ಹಿಂದೆ, ಏಪ್ರಿಲ್ ಕೊನೆ. ಸಂಜೆ ಗುಡುಗು ಸಿಡಿಲಿನ ಮಳೆ ಶುರುವಾಯ್ತು. ನಾನು ಆ ದಿನ ಬಂದ ಹಣ ನಮೂದು ಮಾಡ್ತಾ ಕೂತಿದ್ದೆ. ಕರೆಂಟ್ ಹೋಯ್ತು, ಬಂತು. ಕಂಪ್ಯೂಟರ್ ತಾನೇ ಆನ್ ಆಗ್ತಾ ಇರೋವಾಗ್ಲೇ ಮತ್ತೆ ಹೋಯ್ತು, ಮತ್ತೆ ಬಂತು. ಮೂರನೇ ಸಲ ಬಂದಾಗ ಪರದೆ ಮೇಲೆ ಕಪ್ಪು ಬಣ್ಣ, ನಾಲ್ಕು ಸಾಲು ಇಂಗ್ಲಿಷು. ಅಷ್ಟೇ. ರಿಪೇರಿಯವರು ನೋಡಿ, ಡಿಸ್ಕ್ ಬರೆಯುತ್ತಿದ್ದಾಗ ಕರೆಂಟ್ ಕಿತ್ತುಕೊಂಡಿದ್ದರಿಂದ ಕೆಟ್ಟಿದೆ ಅಂದರು. 6,000 ತಗೊಂಡು ಅರ್ಧಂಬರ್ಧ ತೆಗೆದುಕೊಟ್ಟರು. ಅದರಲ್ಲಿ ಮಗನ ಫೋಟೋ ಎಲ್ಲ ಬಂತು, ಬಾಕಿ ಪಟ್ಟಿ ಇದ್ದ ಫೈಲ್ ತೆರೆಯಲೇ ಇಲ್ಲ.

43 ಮನೆ ಸುತ್ತಿದೆ. "ಅಣ್ಣಾ, ನೀನು ನನಗೆ ಎಷ್ಟು ಕೊಡಬೇಕು ಹೇಳು" ಅಂತ ಸಾಲ ಕೊಟ್ಟವನೇ ಸಾಲಗಾರನ ಹತ್ತಿರ ಕೇಳಿಕೊಂಡು ಹೋಗೋದು ಎಂಥ ಪರಿಸ್ಥಿತಿ ಅಂತ ಯೋಚನೆ ಮಾಡಿ. ಹೆಚ್ಚಿನವರು ಸರಿಯಾಗೇ ಹೇಳಿದರು. ಒಬ್ಬ ಅಜ್ಜಿ ನನಗೇ ಮರೆತುಹೋಗಿದ್ದ ಹಿಂದಿನ ವರ್ಷದ 1,200 ಸೇರಿಸಿ ಕೊಟ್ಟರು. ಇಬ್ಬರು "ನಾನು ಅವತ್ತೇ ಕೊಟ್ಟೆನಲ್ಲ" ಅಂದರು. ಇರಬಹುದು, ಇಲ್ಲದೆಯೂ ಇರಬಹುದು, ನನ್ನ ಹತ್ತಿರ ಏನಿದೆ ತೋರಿಸೋಕೆ? ನನ್ನ ಅಂದಾಜಿನಲ್ಲಿ 38,000 ಹೋಯ್ತು. ಅದಕ್ಕಿಂತ, ಆ ಇಬ್ಬರ ಮನೆ ಮುಂದೆ ಹೋಗೋವಾಗ ಈಗಲೂ ಮಾತು ಸರಿಯಾಗಿ ಬರಲ್ಲ.

ಇಷ್ಟಾದ ಮೇಲೆ ಗಾಬರಿಯಲ್ಲಿ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಇನ್ವರ್ಟರ್ ತಂದೆ. 150 ಆಂಪಿಯರ್ ಅವರ್‌ನ ದೊಡ್ಡ ಬ್ಯಾಟರಿ ಸೇರಿ 21,500 ರೂಪಾಯಿ. ಮನೆ ದೀಪ, ಫ್ಯಾನು, ಹುಳು ಮನೆ ದೀಪ ಎಲ್ಲ ಉರಿಯಿತು. ಆದರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಮಾತ್ರ ಟಕ್ ಅಂತ ಆಫ್ ಆಗಿ ಮತ್ತೆ ಆನ್ ಆಗ್ತಿತ್ತು! ಬಲ್ಬು ಮಿಟುಕಿಸಿದ್ದೂ ಗೊತ್ತಾಗಲ್ಲ, ಕಂಪ್ಯೂಟರ್ ಸಾಯುತ್ತೆ.

ಇದಕ್ಕೆ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬ ಕರೆಂಟ್ ಇಲ್ಲದೆ 16-17 ಮಿಲಿಸೆಕೆಂಡ್ ತಡೆಯುತ್ತೆ, ಹೆಚ್ಚೆಂದರೆ ಇನ್ನೊಂದು ಸ್ವಲ್ಪ. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನೇಳು ಭಾಗ. ಮನೆ ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ನೋಡಿ. ಒಂದು ಕಡೆ ಯುಪಿಎಸ್ ಅಂತ, ಇನ್ನೊಂದು ಕಡೆ ಇಕೋ ಅಥವಾ ವೈಡ್ ಅಥವಾ ನಾರ್ಮಲ್ ಅಂತ ಬರೆದಿರುತ್ತೆ. ಇಕೋ ಕಡೆ ಇದ್ದರೆ ಬ್ಯಾಟರಿಗೆ ಬದಲಾಗೋಕೆ 40 ಮಿಲಿಸೆಕೆಂಡ್‌ವರೆಗೂ ಹಿಡಿಯಬಹುದು. ಅಷ್ಟರಲ್ಲಿ ಕಂಪ್ಯೂಟರ್ ಉಸಿರು ಬಿಟ್ಟಿರುತ್ತೆ. ಯುಪಿಎಸ್ ಕಡೆ ಹಾಕಿದರೆ 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬದಲಾಗುತ್ತೆ, ಕಂಪ್ಯೂಟರ್‌ಗೆ ಗೊತ್ತೇ ಆಗಲ್ಲ.

ಹಾಗಾದರೆ ಸ್ವಿಚ್ ಆ ಕಡೆ ತಳ್ಳಿದರೆ ಆಯ್ತಲ್ಲ ಅಂತೀರಿ. ನಾನೂ ತಳ್ಳಿದೆ. ಪೇಟೆಯಲ್ಲಿ ಇದು ಸರಿ, ಹಳ್ಳಿಯಲ್ಲಿ ಬೇರೆ ಕಥೆ. ಯುಪಿಎಸ್ ಕಡೆ ಇದ್ದಾಗ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟ್ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತೆ. ಕೆಳಗಿಳಿದರೆ ಕರೆಂಟ್ ಇದ್ದರೂ ಇಲ್ಲ ಅಂದುಕೊಂಡು ಬ್ಯಾಟರಿಗೆ ಹೋಗುತ್ತೆ. ಇಕೋ ಕಡೆಯಾದರೆ 100ರಿಂದ 290ರ ತನಕ ಒಪ್ಪುತ್ತೆ. ನಮ್ಮ ಕಡೆ ಪಂಪ್‌ಸೆಟ್ ಓಡೋ ಹೊತ್ತಿನಲ್ಲಿ ವೋಲ್ಟೇಜು 165, 170. ದಿನಕ್ಕೆ ಮೂವತ್ತು ಸಲ ಕಟಕಟ ಅಂತ ಬ್ಯಾಟರಿಗೆ ಹೋಗಿ ಬಂದು, ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಏನೂ ಇರ್ತಿರ್ಲಿಲ್ಲ. ಕೊನೆಗೆ ಮತ್ತೆ ಇಕೋ ಕಡೆಗೇ ಹಾಕಿದೆ. ಅಂದರೆ 21,500 ಖರ್ಚು ಮಾಡಿದ್ದು ದೀಪಕ್ಕೆ ಫ್ಯಾನಿಗೆ ಆಯ್ತೇ ಹೊರತು ಕಂಪ್ಯೂಟರ್‌ಗೆ ಆಗಲಿಲ್ಲ. ಇನ್ನೊಂದು, ಅಷ್ಟು ದೊಡ್ಡ ಬ್ಯಾಟರಿ ಪೂರ್ತಿ ಚಾರ್ಜ್ ಆಗೋಕೆ ಎರಡು ಯೂನಿಟ್‌ಗೂ ಮೇಲೆ ಕರೆಂಟ್ ಬೇಕು. ಗೃಹಜ್ಯೋತಿಯ ಯೂನಿಟ್ ಎಣಿಸಿಕೊಂಡು ಬದುಕೋ ಮನೆಗಳು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಗ ನನ್ನ ಮನೆಗೆ ವೈರಿಂಗ್ ಮಾಡಿದ್ದ ಹಿರಿಯ ವೈರ್‌ಮನ್ ಒಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು: "ನಿನಗೆ ಕರೆಂಟ್ ಹೋದಾಗ ಕಂಪ್ಯೂಟರ್ ಓಡಬೇಕಾ, ಕೆಡದೆ ಇರಬೇಕಾ?"

ಯೋಚನೆ ಮಾಡಿದೆ. ನಾನೇನು ರಾತ್ರಿ ಹನ್ನೆರಡರ ತನಕ ಲೆಕ್ಕ ಬರೀತೀನಾ? ಕರೆಂಟ್ ಹೋದರೆ ಫೈಲ್ ಉಳಿಸಿ ಸರಿಯಾಗಿ ಆಫ್ ಮಾಡೋಕೆ ಐದು ನಿಮಿಷ ಸಿಕ್ಕರೆ ಸಾಕು. ಕರೆಂಟ್ ಬಂದ ಮೇಲೆ ಮತ್ತೆ ಕೂತರಾಯ್ತು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತೆ.

ಅವರು ಮೊದಲು ನೋಡಿದ್ದು ಕಂಪ್ಯೂಟರ್ ಅಲ್ಲ, ಅರ್ಥಿಂಗ್. ಮೂರು ಪಿನ್ ಸಾಕೆಟ್‌ನಲ್ಲಿ ಮೇಲಿನ ದಪ್ಪ ತೂತು ಇತ್ತು, ಅದರ ಹಿಂದೆ ತಂತಿಯೇ ಇರಲಿಲ್ಲ! ಹಳ್ಳಿಯ ಎಷ್ಟೋ ಮನೆಗಳ ಕಥೆ ಇದೇ. ಕಂಪ್ಯೂಟರ್ ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಾದರೆ ನಿಮ್ಮಲ್ಲೂ ಅರ್ಥ್ ಇಲ್ಲ ಅಂತಲೇ ಲೆಕ್ಕ. ಮನೆ ಹಿಂದೆ ತೇವ ಇರೋ ಜಾಗದಲ್ಲಿ ಎಂಟಡಿ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ಹಾಕಿ, ಅಲ್ಲಿಂದ ಬೋರ್ಡಿಗೆ ತಂತಿ ಎಳೆದರು. ಬೇಸಿಗೆಯಲ್ಲಿ ವಾರಕ್ಕೊಂದು ಸಲ ಎರಡು ಕೊಡ ನೀರು ಹುಯ್ಯಬೇಕು. ಎಲ್ಲ ಸೇರಿ 2,400. ಅರ್ಥ್ ಬದಲು ನ್ಯೂಟ್ರಲ್‌ಗೇ ತಂತಿ ಸೇರಿಸೋ ಸುಲಭದ ದಾರಿ ಕೆಲವರು ಹೇಳಿಕೊಡ್ತಾರೆ. ದಯವಿಟ್ಟು ಬೇಡ. ನ್ಯೂಟ್ರಲ್ ಕಡಿದ ದಿನ ಕಂಪ್ಯೂಟರ್ ಡಬ್ಬದಲ್ಲೇ ಕರೆಂಟ್ ಬರುತ್ತೆ, ಮುಟ್ಟಿದವರ ಗತಿ ಅಷ್ಟೇ.

ನ್ಯೂಟ್ರಲ್ ಅಂದ ಮೇಲೆ ಇದನ್ನು ಹೇಳಲೇಬೇಕು. ಕರೆಂಟ್ ಹೋಗೋದಕ್ಕಿಂತ ನೂರು ಪಾಲು ಅಪಾಯ ಇದು. ಕಂಬದಲ್ಲೋ ಟ್ರಾನ್ಸ್‌ಫಾರ್ಮರ್ ಹತ್ತಿರವೋ ನ್ಯೂಟ್ರಲ್ ತಂತಿ ಸಡಿಲವಾದರೆ ಅಥವಾ ಕಡಿದರೆ, ನಮ್ಮ ಮನೆಗೆ ಬರಬೇಕಾದ 230 ವೋಲ್ಟ್ ಹೋಗಿ 400ರ ಹತ್ತಿರದವರೆಗೂ ಏರಬಹುದು. ಲಕ್ಷಣ ಏನಂದರೆ, ನಮ್ಮ ಮನೆ ಬಲ್ಬು ಕಣ್ಣು ಕುಕ್ಕೋ ಹಾಗೆ ಉರಿಯುತ್ತೆ, ಪಕ್ಕದ ಮನೇದು ಮಂಕಾಗಿ ಉರಿಯುತ್ತೆ. ಗಾಳಿ ಮಳೆ ದಿನ ಹೀಗೆ ಕಂಡರೆ ಓಡಿ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಲೈನ್‌ಮನ್‌ಗೆ ಫೋನ್ ಮಾಡಿ. ನಾವೇ ಟ್ರಾನ್ಸ್‌ಫಾರ್ಮರ್ ಹತ್ತೋದು, ಕೋಲಲ್ಲಿ ತಂತಿ ತಟ್ಟೋದು ಬೇಡವೇ ಬೇಡ.

ಮನೆಯಲ್ಲಿ ಯಾರೂ ಇಲ್ಲದಾಗ ಹೀಗಾದರೆ? ಅದಕ್ಕೆ ಮೇನ್ ಬೋರ್ಡಿನಲ್ಲಿ ಎಂಸಿಬಿ ಪಕ್ಕ ಕೂರುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಸಿಗುತ್ತೆ. ವೋಲ್ಟೇಜ್ ಎಷ್ಟಿದೆ ಅಂತ ಕೆಂಪು ಅಂಕಿಯಲ್ಲಿ ತೋರಿಸುತ್ತೆ. 270 ದಾಟಿದರೆ ಅಥವಾ ನಾವು ಹೇಳಿದ್ದಕ್ಕಿಂತ ಕೆಳಗಿಳಿದರೆ ತಾನೇ ಕಡಿದುಹಾಕುತ್ತೆ, ಸರಿಯಾದ ಮೇಲೆ ಎರಡು ಮೂರು ನಿಮಿಷ ಕಾದು ಮತ್ತೆ ಕೊಡುತ್ತೆ. ನಾನು 850ಕ್ಕೆ ಹಾಕಿಸಿದೆ. ಕೆಳಗಿನ ಮಿತಿ 150ಕ್ಕೆ ಇಟ್ಟುಕೊಂಡಿದ್ದೇನೆ, ಇಲ್ಲದಿದ್ದರೆ ನಮ್ಮೂರ ವೋಲ್ಟೇಜಿಗೆ ಮನೆಯಲ್ಲಿ ದಿನವಿಡೀ ಕತ್ತಲೆ. ಆ ಮೂರು ನಿಮಿಷದ ಕಾಯುವಿಕೆಯೇ ದೊಡ್ಡ ಲಾಭ. ಹೋಗಿ ಬಂದು ಹೋಗಿ ಬಂದು ಮಾಡೋ ಆಟ ಇದೆಯಲ್ಲ, ನನ್ನ ಡಿಸ್ಕ್ ಕೊಂದಿದ್ದು ಅದೇ. ಟಿವಿ, ಫ್ರಿಜ್ಜು ಕೂಡ ಇದರಿಂದ ಉಳಿಯುತ್ತೆ.

ಅಂಗಡಿಯಲ್ಲಿ ಸ್ಪೈಕ್ ಗಾರ್ಡ್ ಅಂತ ಉದ್ದನೆ ಬೋರ್ಡು ಕೊಡ್ತಾರೆ. ಒಳ್ಳೇದು ತಗೊಂಡರೆ ಕ್ಷಣಮಾತ್ರದ ಏರಿಕೆ ತಡೆಯುತ್ತೆ, ಅದೂ ಅರ್ಥ್ ಸರಿ ಇದ್ದರೆ. 350 ವೋಲ್ಟ್ ಹತ್ತು ನಿಮಿಷ ಬಂದರೆ ಅದೇ ಸುಟ್ಟುಹೋಗುತ್ತೆ. 150 ರೂಪಾಯಿಯ ಬೋರ್ಡಿನಲ್ಲಿ ಕೆಂಪು ದೀಪ ಬಿಟ್ಟು ಬೇರೇನೂ ಇರಲ್ಲ, ನಾನೇ ಒಂದು ಬಿಚ್ಚಿ ನೋಡಿದ್ದೇನೆ.

ಇನ್ನು ಯುಪಿಎಸ್. ಕಂಪ್ಯೂಟರ್ ಪಕ್ಕ ಇಡುವ ಸಣ್ಣ 600 ವಿಎ ಡಬ್ಬ. ಒಳಗೆ 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ, ಅಂದರೆ ಕಾಗದದ ಮೇಲೆ 84 ವಾಟ್ ಅವರ್. ಸೋರಿಕೆ ಎಲ್ಲ ಕಳೆದು ಅರ್ಧ ಕೈಗೆ ಸಿಗುತ್ತೆ ಅಂತಿಟ್ಟುಕೊಳ್ಳಿ. ನನ್ನ ಕಂಪ್ಯೂಟರ್ ಮತ್ತು ಪರದೆ ಸೇರಿ 100 ವಾಟ್ ಚಿಲ್ಲರೆ ತಿನ್ನುತ್ತೆ. ಹೊಸ ಬ್ಯಾಟರಿಯಲ್ಲಿ 20 ನಿಮಿಷ ಬಂತು. ನಮಗೆ ಬೇಕಾಗಿದ್ದು ಐದು. ಹೊಸದು ಮೂರು ಸಾವಿರದ ಹತ್ತಿರ ಹೇಳಿದರು. ನಾನು ಮಾಡಿದ್ದು ಬೇರೆ. ಬೆಂಗಳೂರಿನ ಆಫೀಸುಗಳು ಬ್ಯಾಟರಿ ಸತ್ತ ಯುಪಿಎಸ್‌ಗಳನ್ನು ರಾಶಿ ರಾಶಿ ಹೊರಗೆ ಹಾಕ್ತಾವೆ. ಡಬ್ಬ ಚೆನ್ನಾಗೇ ಇರುತ್ತೆ. ಎಸ್‌ಪಿ ರೋಡಲ್ಲಿ ಅಂಥದ್ದು 900ಕ್ಕೆ ತಂದು, 950ರ ಹೊಸ ಬ್ಯಾಟರಿ ಕೂರಿಸಿದೆ. ಎರಡು ಸ್ಕ್ರೂ, ಎರಡು ಕ್ಲಿಪ್ಪು, ಅಷ್ಟೇ. ಕೆಂಪು ಕಪ್ಪು ಅದಲು ಬದಲಾಗದ ಹಾಗೆ ನೋಡಿಕೊಳ್ಳಿ. ತಗೊಳ್ಳುವಾಗ ಎವಿಆರ್ ಇರೋದನ್ನು, ಅಂದರೆ ಕಡಿಮೆ ವೋಲ್ಟೇಜನ್ನು ಬ್ಯಾಟರಿ ಮುಟ್ಟದೆ ಮೇಲೆತ್ತಿ ಕೊಡೋದನ್ನು ಕೇಳಿ ತಗೊಳ್ಳಿ. ನಮ್ಮ ಕಡೆಗೆ ಅದಿಲ್ಲದೆ ಆಗಲ್ಲ.

ಒಂದು ಎಚ್ಚರಿಕೆ. ಕೆಲವರು ಬುದ್ಧಿವಂತಿಕೆ ಮಾಡಿ ಈ ಸಣ್ಣ ಯುಪಿಎಸ್‌ಗೆ ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸ್ತಾರೆ, ಗಂಟೆಗಟ್ಟಲೆ ಬರುತ್ತೆ ಅಂತ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಹತ್ತಿಪ್ಪತ್ತು ನಿಮಿಷಕ್ಕೆ ಅಂತ ಮಾಡಿರೋದು. ಗಂಟೆಗಟ್ಟಲೆ ಓಡಿದರೆ ಕಾದು ಕರಗುತ್ತೆ. ಅದರ ಚಾರ್ಜರ್‌ಗೆ ಅಷ್ಟು ದೊಡ್ಡ ಬ್ಯಾಟರಿ ತುಂಬಿಸೋ ಶಕ್ತಿಯೂ ಇಲ್ಲ. ಆಸಿಡ್ ಬ್ಯಾಟರಿಯಿಂದ ಹೊರಡೋ ಗ್ಯಾಸು ಮುಚ್ಚಿದ ಕೋಣೆಯಲ್ಲಿ ಬೆಂಕಿಗೆ ದಾರಿ. ಹಾಗೆಯೇ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ, ಅದು ಬಿಸಿಯಾಗುವಾಗ ಎಳೆಯೋ ಕರೆಂಟಿಗೆ ಯುಪಿಎಸ್ ಕಿರುಚಿ ಬಿದ್ದುಹೋಗುತ್ತೆ. ಚಾಕಿ ಕೋಣೆಯ ಹೀಟರ್ ಇರೋ ಲೈನಿಗೂ ಕಂಪ್ಯೂಟರ್ ಬೇಡ. ಹುಳು ಮನೆ ಒಳಗಂತೂ ಇಡಲೇಬೇಡಿ. ನಾವು ಅಲ್ಲಿ ತೇವ 80-85 ಇಡ್ತೀವಿ, ಬ್ಲೀಚಿಂಗ್ ಹೊಡೀತೀವಿ. ಹುಳುವಿಗೆ ಒಳ್ಳೇದು, ಕಂಪ್ಯೂಟರ್ ಬೋರ್ಡು ಒಂದೇ ವರ್ಷದಲ್ಲಿ ಹಸಿರು ತುಕ್ಕು ಹಿಡಿಯುತ್ತೆ.

ಸಿಡಿಲಿಗೆ ಮೇಲಿನ ಯಾವುದೂ ಉತ್ತರ ಅಲ್ಲ. ಯುಪಿಎಸ್ಸೂ ಇಲ್ಲ, ಪ್ರೊಟೆಕ್ಟರೂ ಇಲ್ಲ. ಗುಡುಗು ಕೇಳಿದ ತಕ್ಷಣ ಪಿನ್ ಕೀಳೋದೇ ಉಪಾಯ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ ಗೋಡೆಯಿಂದ ಹೊರಗೆ ಬರಬೇಕು. ತಾಮ್ರದ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದರೆ ಅದನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತೆ.

ಈಗ ಅಸಲಿ ವಿಷಯ. ಡಬ್ಬ ಸುಟ್ಟರೆ ಇನ್ನೊಂದು ಡಬ್ಬ ಎಸ್‌ಪಿ ರೋಡಲ್ಲಿ ಸಿಗುತ್ತೆ. ಲೆಕ್ಕ ಸಿಗಲ್ಲ. 350 ರೂಪಾಯಿಯಂತೆ ಎರಡು ಪೆನ್‌ಡ್ರೈವ್ ತಂದೆ. ಒಂದಕ್ಕೆ ಸೋಮವಾರ, ಒಂದಕ್ಕೆ ಗುರುವಾರ ಲೆಕ್ಕದ ಫೈಲ್ ನಕಲು ಮಾಡ್ತೀನಿ. ಒಂದು ಬೀರುವಿನಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲಿ. ನಕಲು ಆದ ಮೇಲೆ ಪೆನ್‌ಡ್ರೈವ್ ಕಿತ್ತಿಡಬೇಕು. ಚುಚ್ಚಿಟ್ಟೇ ಬಿಟ್ಟರೆ ಕಂಪ್ಯೂಟರ್ ಜೊತೆ ಅದೂ ಸುಡುತ್ತೆ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಬಿಟ್ಟಿ ಜಾಗ ಇದೆ, ನಮ್ಮ ಲೆಕ್ಕದ ಫೈಲು ಅದರಲ್ಲಿ ಸಾಸಿವೆಯಷ್ಟು. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ವಾರಕ್ಕೊಂದು ಸಲ ಅಲ್ಲಿಗೂ ಹಾಕ್ತೀನಿ. ಎಕ್ಸೆಲ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುತ್ತೆ, ಸೆಟ್ಟಿಂಗಿನಲ್ಲಿ ಅದನ್ನು ಎರಡು ನಿಮಿಷ ಮಾಡಿ. ಆದರೆ ಅದನ್ನೇ ನಂಬಿ ಕೂರಬೇಡಿ, ಅದು ಅದೇ ಡಿಸ್ಕಿನಲ್ಲಿ ಇರುತ್ತೆ. ಇಷ್ಟೂ ಬೇಸರ ಅನ್ನಿಸಿದರೆ ದಿನದ ಕೊನೆಗೆ ಬಾಕಿ ಪಟ್ಟಿ ಪರದೆಯನ್ನು ಮೊಬೈಲಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಅವತ್ತು ನನ್ನ ಹತ್ತಿರ ಅಂಥ ಒಂದೇ ಒಂದು ಫೋಟೋ ಇದ್ದಿದ್ದರೆ 43 ಮನೆ ಸುತ್ತಬೇಕಿರಲಿಲ್ಲ.

ಅರ್ಥಿಂಗ್, ಪ್ರೊಟೆಕ್ಟರ್, ಯುಪಿಎಸ್, ಪೆನ್‌ಡ್ರೈವ್ ಎಲ್ಲ ಕೂಡಿದರೆ 5,800. ಸತ್ತ ಡಿಸ್ಕಿನಿಂದ ಅರ್ಧ ಫೈಲು ತೆಗೆಸೋಕೆ ಕೊಟ್ಟಿದ್ದಕ್ಕಿಂತ ಇನ್ನೂರು ಕಮ್ಮಿ! ಅಷ್ಟೂ ಒಟ್ಟಿಗೆ ಇಲ್ಲ ಅನ್ನೋರು ಈ ವಾರ ಪೆನ್‌ಡ್ರೈವ್ ತನ್ನಿ, ಮುಂದಿನ ಬೆಳೆ ಹಣದಲ್ಲಿ ಅರ್ಥ್ ಮತ್ತು ಪ್ರೊಟೆಕ್ಟರ್, ಆಮೇಲೆ ಯುಪಿಎಸ್. ಇನ್ವರ್ಟರ್ ದೀಪಕ್ಕೆ ಬೇಕಿದ್ದರೆ ತಗೊಳ್ಳಿ, ಕಂಪ್ಯೂಟರ್ ಹೆಸರು ಹೇಳಿ ತಗೋಬೇಡಿ. ಈಗಾಗಲೇ ಇದ್ದರೆ ಅದನ್ನು ಇಕೋದಲ್ಲೇ ಬಿಟ್ಟು, ಅದರ ಮುಂದೆ ಸಣ್ಣ ಯುಪಿಎಸ್ ಇಟ್ಟು ಅದಕ್ಕೆ ಕಂಪ್ಯೂಟರ್ ಹಾಕಿ. ನನ್ನಲ್ಲಿ ಹಾಗೇ ನಡೀತಿದೆ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಹಳೇ ಸ್ಕ್ವೇರ್ ವೇವ್ ಆದರೆ ಕೆಲವು ಯುಪಿಎಸ್ ಅದನ್ನು ಕರೆಂಟ್ ಅಂತ ಒಪ್ಪೋದೇ ಇಲ್ಲ.

ಹೊಸದಾಗಿ ಕಂಪ್ಯೂಟರ್ ತರಬೇಕು ಅಂತಿರೋರಿಗೆ ಇಷ್ಟೆಲ್ಲ ತಲೆನೋವೇ ಬೇಡ. ಹಳೇ ಲ್ಯಾಪ್‌ಟಾಪ್ ತಗೊಳ್ಳಿ. ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ, ದೊಡ್ಡ ಕಂಪ್ಯೂಟರ್ ತಿನ್ನೋದರಲ್ಲಿ ಕಾಲು ಭಾಗ ಕರೆಂಟ್ ಸಾಕು. ಕಳೆದ ವರ್ಷ ಮಗನಿಗೆ 16,000ಕ್ಕೆ ಒಂದು ತಂದೆ. ಕರೆಂಟ್ ಹೋದರೆ ಎರಡು ಗಂಟೆ ಆರಾಮಾಗಿ ಓದಿಕೊಳ್ತಾನೆ. ಬ್ಯಾಟರಿ ಹೇಗಿದೆ ಅಂತ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ ತಗೊಳ್ಳಿ.

ಕೊನೆಗೆ ನಮ್ಮ ತಪ್ಪೂ ಒಂದು ಹೇಳಿಬಿಡ್ತೀನಿ. ತ್ರೀಫೇಸ್ ಪಾಳಿ ಪ್ರಕಾರ ಏಳು ಗಂಟೆ ಬರುತ್ತೆ. ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿರೋ ಅಷ್ಟೂ ಮೋಟರು ಒಂದೇ ಕ್ಷಣಕ್ಕೆ ಎದ್ದು ಕೂರ್ತಾವೆ. ವೋಲ್ಟೇಜು ನೆಲ ಕಚ್ಚದೆ ಇನ್ನೇನಾಗುತ್ತೆ? ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಮೋಟರ್ ಓಡಿಸಿದವರಲ್ಲಿ ನಾನೂ ಒಬ್ಬ. ಹಿಪ್ಪುನೇರಳೆ ಸೊಪ್ಪು ಒಣಗ್ತಾ ಇರೋವಾಗ ಯಾರು ತಾನೇ ಸುಮ್ಮನಿರ್ತಾರೆ. ಆದರೆ ಆ ಹೊತ್ತಿನಲ್ಲಿ ನನ್ನ ಮನೆ ಪ್ರೊಟೆಕ್ಟರಿನ ಕೆಂಪು ಅಂಕಿ ನಾನೇ ನೋಡಿದೆ, 142. ನನ್ನ ಮೋಟರ್ ನನ್ನ ಮನೆ ಕರೆಂಟನ್ನೇ ಕಡಿಸಿತ್ತು. ಅವತ್ತಿಂದ ಕಂಡೆನ್ಸರ್ ಬಿಚ್ಚಿಟ್ಟೆ. ನಮ್ಮ ಟ್ರಾನ್ಸ್‌ಫಾರ್ಮರಿನ ಆರು ಜನ ಮಾತಾಡಿಕೊಂಡು ಆಟೋ ತೆಗೆದು, ಹತ್ತು ಹತ್ತು ನಿಮಿಷ ಬಿಟ್ಟು ಒಬ್ಬೊಬ್ಬರಾಗಿ ಮೋಟರ್ ಹಾಕ್ತೀವಿ. ಈಗ 190ರ ಕೆಳಗೆ ಇಳಿಯೋದು ಅಪರೂಪ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಸಂಜೆ ಅರಳಿ ಕಟ್ಟೆ ಮೇಲೆ ಒಂದು ಗಂಟೆ ಜಗಳ ಆಡಬೇಕಾಯ್ತು ಅಷ್ಟೇ.

ಯುಪಿಎಸ್ ಬ್ಯಾಟರಿ ಎರಡರಿಂದ ಮೂರು ವರ್ಷ ಬರುತ್ತೆ. ಹಾಕಿದ ದಿನಾಂಕ ಡಬ್ಬದ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ತಿಂಗಳಿಗೊಂದು ಸಲ, ಕಂಪ್ಯೂಟರಿನಲ್ಲಿ ಏನೂ ಕೆಲಸ ಇಲ್ಲದಾಗ, ಗೋಡೆ ಸ್ವಿಚ್ ಆಫ್ ಮಾಡಿ ಎಷ್ಟು ನಿಮಿಷ ಬರುತ್ತೆ ನೋಡಿ. ಐದಕ್ಕಿಂತ ಕಮ್ಮಿಯಾದರೆ ಬದಲಿಸೋ ಹೊತ್ತು. ನನ್ನದು ಹೋದ ತಿಂಗಳು ಏಳು ಬಂತು, ದೀಪಾವಳಿ ಹೊತ್ತಿಗೆ ಹೊಸದು ತರಬೇಕು. ಉದ್ದನೆ ಪುಸ್ತಕವೂ ಮತ್ತೆ ಮೇಜಿನ ಮೇಲೆ ಬಂದಿದೆ. ಬಾಕಿ ಮಾತ್ರ ಅದರಲ್ಲಿ ಬರೀತೀವಿ, ನನ್ನ ಹೆಂಡತಿ ಕೈಬರಹ, ಹಣ ಕೊಟ್ಟವರ ಸಹಿ ಪಕ್ಕದಲ್ಲೇ.